ಬರ್ಬರರ ಊರಿನಲ್ಲಿ ಒಂದು ರಾತ್ರಿ

ನನ್ನ ಊರು ಹೊನ್ನಾವರ ತಾಲೂಕಿನಲ್ಲಿ, ಶರಾವತಿ ದಂಡೆಯ ಮೇಲೆ. 1340ರ ದಶಕದಲ್ಲಿ ನಮ್ಮ ಹೊನ್ನಾವರದ ಬಂದರಿಗೆ ಒಬ್ಬ ಪ್ರವಾಸಿ ಬಂದಿದ್ದ. ಹೆಸರು ಇಬ್ನ್ ಬತೂತ. 1304ರಲ್ಲಿ ಮೊರಾಕ್ಕೋದ ಟ್ಯಾಂಜಿಯರಿನಲ್ಲಿ ಹುಟ್ಟಿದವನು. ಇಪ್ಪತ್ತೊಂದರ ಹರೆಯದಲ್ಲಿ ಹಜ್ ಯಾತ್ರೆಗೆಂದು ಮನೆ ಬಿಟ್ಟವನು ಊರಿಗೆ ಮರಳುವಷ್ಟರಲ್ಲಿ ಹತ್ತಿರಹತ್ತಿರ ಕಾಲು ಶತಮಾನ ಕಳೆದಿತ್ತು. ಹೊನ್ನಾವರವನ್ನು ಅವನು ಹಿನೌರ್ ಎಂದು ಕರೆದ. ಇಲ್ಲಿನ ಹೆಂಗಸರು ಹೊಲಿದ ಬಟ್ಟೆ ಹಾಕುವುದಿಲ್ಲ, ಮೂಗಿಗೆ ಚಿನ್ನದ ಉಂಗುರ ಹಾಕುತ್ತಾರೆ, ಚೆಲುವೆಯರು, ಶೀಲವಂತೆಯರು, ಕುರಾನನ್ನು ಬಾಯಿಪಾಠ ಬಲ್ಲವರು, ಊರಿನಲ್ಲಿ ಹೆಣ್ಣುಮಕ್ಕಳಿಗೇ 13 ಶಾಲೆಗಳಿವೆ ಎಂದೆಲ್ಲ ಹೇಳಿ ಬರೆಸಿದ. ಜೊತೆಗೆ ಒಂದು ದೂರನ್ನೂ ಸೇರಿಸಿದ: ಈ ಜನ ಬರೀ ಅನ್ನ ತಿನ್ನುತ್ತಾರೆ, ಹನ್ನೊಂದು ತಿಂಗಳು ರೊಟ್ಟಿಯ ಮುಖ ಕಾಣದೆ ಕಳೆದೆ ಎಂದು.

ನಮ್ಮ ಕರಾವಳಿಯ ಬಗ್ಗೆ ಹೊರಗಿನಿಂದ ಬಂದವರು ಏನೇನು ಬರೆದರು ಎನ್ನುವುದು ನನ್ನ ಪಿಎಚ್.ಡಿ. ವಿಷಯ. ಈ ಸಾಲುಗಳನ್ನು ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಒಂದೇ ಪ್ರಶ್ನೆ ಕಾಡುತ್ತಿತ್ತು: ಮೂಗುತಿ ಹಾಕಿದ ಆ ಹೆಂಗಸರಲ್ಲಿ ಒಬ್ಬಳಿಗಾದರೂ ಈ ಮನುಷ್ಯ ತನ್ನನ್ನು ನೋಡುತ್ತಿದ್ದಾನೆ, ಎಲ್ಲೋ ದೂರದ ಊರಿನಲ್ಲಿ ತನ್ನ ಬಗ್ಗೆ ಬರೆಸುತ್ತಾನೆ ಎಂದು ಗೊತ್ತಿತ್ತೇ? ಗೊತ್ತಿದ್ದರೆ ಅವಳೇನು ಹೇಳುತ್ತಿದ್ದಳು?

2024ರ ಅಕ್ಟೋಬರಿನಲ್ಲಿ ಒಂದು ವಿಚಾರ ಸಂಕಿರಣಕ್ಕೆಂದು ಮರ್ರಾಕೇಶಿಗೆ ಹೋಗುವ ಅವಕಾಶ ಸಿಕ್ಕಿತು. ಪ್ರಬಂಧ ಓದಿ ಮುಗಿದ ಮೇಲೆ ಎರಡು ದಿನ ಉಳಿದಿತ್ತು. ಇಬ್ನ್ ಬತೂತನ ಮನೆತನ ಲವಾತಾ ಎನ್ನುವ ಬರ್ಬರ್ ಕುಲಕ್ಕೆ ಸೇರಿದ್ದು. ಅವನು ನಮ್ಮೂರು ನೋಡಿ ಹೋದ, ನಾನು ಅವನ ಕಡೆಯವರ ಒಂದು ಊರನ್ನಾದರೂ ನೋಡಿ ಬರಬೇಡವೇ ಎಂದುಕೊಂಡು ಅಟ್ಲಾಸ್ ಬೆಟ್ಟದ ಕಡೆ ಹೊರಟೆ. ಟ್ಯಾಂಜಿಯರ್ ಇರುವುದು ದೇಶದ ಉತ್ತರದ ತುದಿಯಲ್ಲಿ, ಅಟ್ಲಾಸ್ ಇರುವುದು ಇತ್ತ ದಕ್ಷಿಣದಲ್ಲಿ. ಬೀದರಿನವನನ್ನು ಹುಡುಕಿ ಮಡಿಕೇರಿಗೆ ಹೋದ ಹಾಗೆ. ಆದರೂ ಹೋದೆ.

ಮರ್ರಾಕೇಶಿನಿಂದ ಇಮ್ಲಿಲ್‌ಗೆ ಅರವತ್ತು ಚಿಲ್ಲರೆ ಕಿಲೋಮೀಟರು. ನಮ್ಮ ಕಡೆಯ ಟೆಂಪೋಗಳ ಹಾಗೆ ಜನ ತುಂಬುವವರೆಗೆ ಕಾಯುವ ಹಳೆಯ ಟ್ಯಾಕ್ಸಿಗಳು. ಅಸ್ನಿ ದಾಟಿದ ಮೇಲೆ ರಸ್ತೆ ಹೊಳೆಯ ಪಕ್ಕ ಏರುತ್ತ ಹೋಗುತ್ತದೆ. ಎರಡೂ ಕಡೆ ಬೋಳು ಕೆಂಪು ಗುಡ್ಡ. ಹೊಳೆಯಂಚಿನಲ್ಲಿ ಮಾತ್ರ ಒಂದು ಹಸಿರು ಪಟ್ಟಿ, ಅದರಲ್ಲಿ ಸೇಬು, ಚೆರ್ರಿ, ಅಕ್ರೋಟದ ಮರಗಳು. 1,700 ಮೀಟರಿಗಿಂತ ಎತ್ತರದಲ್ಲಿರುವ ಇಮ್ಲಿಲ್, 4,167 ಮೀಟರಿನ ತುಬ್ಕಾಲ್ ಶಿಖರ ಏರುವವರ ಊರು. ನನಗೆ ಶಿಖರ ಬೇಕಿರಲಿಲ್ಲ. ಪಕ್ಕದ ಇಮ್ನಾನ್ ಕಣಿವೆಯಲ್ಲಿ ತನ್ನ ಅಕ್ಕನನ್ನು ಕೊಟ್ಟ ಮನೆಯಿದೆ, ಅಲ್ಲಿ ಒಂದು ರಾತ್ರಿ ಇರಬಹುದು ಎಂದು ಹೇಳಿದ ಮಾರ್ಗದರ್ಶಿಯೊಬ್ಬರ ಜೊತೆ ನಡೆದೆ. ನಲವತ್ತು ದಾಟಿದ, ಮೆತ್ತಗೆ ಮಾತನಾಡುವ ಮನುಷ್ಯ. ಮನೆಮಾತು ತಶೆಲ್‌ಹಿತ್, ಶಾಲೆಯಲ್ಲಿ ಅರಬ್ಬಿ ಮತ್ತು ಫ್ರೆಂಚ್, ಪ್ರವಾಸಿಗಳಿಂದ ಕಲಿತದ್ದು ಇಂಗ್ಲಿಷ್.

ದಾರಿ ತಮಾತರ್ಟ್ ಎಂಬ ಕಣಿವೆದಾರಿಯ ಮೇಲಿಂದ, ಎತ್ತರ 2,279 ಮೀಟರು. ಘಟ್ಟ ಹತ್ತಿ ಬೆಳೆದವಳು ಎಂಬ ನನ್ನ ಜಂಬ ಅರ್ಧ ದಾರಿಯಲ್ಲೇ ಇಳಿಯಿತು. ಏದುಸಿರು ಬಿಡುತ್ತ ಒಂದು ಬಂಡೆಯ ಮೇಲೆ ಕೂತು, ಮಾತಿಗೆ ಮಾತು ಎಂಬಂತೆ, "ಬರ್ಬರ್ ಹಳ್ಳಿಗಳೆಲ್ಲ ಇಷ್ಟು ಎತ್ತರದಲ್ಲೇ ಇರುತ್ತವಾ?" ಎಂದು ಕೇಳಿದೆ.

"ನಾವು ನಮ್ಮನ್ನು ಹಾಗೆ ಕರೆದುಕೊಳ್ಳುವುದಿಲ್ಲ," ಎಂದರು ಅವರು. ಸಿಟ್ಟಿರಲಿಲ್ಲ, ನೂರಾರು ಸಲ ಹೇಳಿ ಅಭ್ಯಾಸವಾದ ಮಾತಿನಂತಿತ್ತು. "ಒಬ್ಬನಿದ್ದರೆ ಅಮಾಜಿಗ್. ಹಲವರಿದ್ದರೆ ಇಮಾಜಿಗೆನ್. ಸ್ವತಂತ್ರ ಜನ ಅಂತ ಅರ್ಥ ಹೇಳ್ತಾರೆ. ಬರ್ಬರ್ ಅನ್ನೋದು ಬೇರೆಯವರು ಇಟ್ಟ ಹೆಸರು." ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: "ನಿಮ್ಮ ಭಾಷೆಯಲ್ಲಿ ಆ ಪದ ಇದೆಯಾ?"

"ಇಲ್ಲ," ಎಂದೆ.

ಹೇಳಿದ ಕೂಡಲೇ ಕಿವಿ ಬಿಸಿಯಾಯಿತು. ಇದೆ. ದಿನಪತ್ರಿಕೆ ಓದುವ ಯಾವ ಕನ್ನಡಿಗನಿಗೆ ಗೊತ್ತಿಲ್ಲ? ವಾರಕ್ಕೊಮ್ಮೆಯಾದರೂ ಎಲ್ಲೋ ಒಂದು 'ಬರ್ಬರ ಹತ್ಯೆ' ಆಗಿರುತ್ತದೆ. ನಿಘಂಟು ತೆಗೆದರೆ ಕ್ರೂರ, ಅನಾಗರಿಕ, ಒರಟ ಎಂದು ಅರ್ಥ. ಗ್ರೀಕರು ತಮಗೆ ತಿಳಿಯದ ಮಾತಾಡುವವರನ್ನು ಬಾರ್ಬರೋಸ್ ಎಂದರು. ಕಿವಿಗೆ ಬರ್-ಬರ್ ಎಂದು ಬಿದ್ದದ್ದೇ ಹೆಸರಾಯಿತು. ಸಂಸ್ಕೃತದ ಬರ್ಬರಕ್ಕೂ ತೊದಲುವವನು, ಪರಕೀಯ ಎಂಬ ಅರ್ಥಗಳಿವೆ. ಹದಿನಾಲ್ಕನೆಯ ಶತಮಾನದ ಇತಿಹಾಸಕಾರ ಇಬ್ನ್ ಖಲ್ದೂನ್ ಕೂಡ ಈ ಜನರಿಗೆ ಈ ಹೆಸರು ಬಂದದ್ದು ಅರ್ಥವಾಗದ ಗದ್ದಲದ ಮಾತಿಗೆ ಅರಬ್ಬಿಯಲ್ಲಿರುವ ಪದದಿಂದ ಎಂಬ ಕತೆಯನ್ನು ದಾಖಲಿಸಿದ್ದಾನೆ. ನನಗೆ ಅರ್ಥವಾಗಲಿಲ್ಲ ಎಂಬಲ್ಲಿಂದ ಹೊರಟ ಪದ ನಮ್ಮ ಪತ್ರಿಕೆಯ ಅಪರಾಧ ಪುಟದ ತನಕ ಬಂದು ಮುಟ್ಟಿದೆ. ಮಲಯಾಳಂ ಕೇಳಿದರೆ ಡಬ್ಬದಲ್ಲಿ ಕಲ್ಲು ಹಾಕಿ ಕುಲುಕಿದ ಹಾಗೆ ಎಂದು ನಾವು ನಗುವುದಿಲ್ಲವೇ, ಅದೂ ಇದೇ ಜಾತಿಯದ್ದು. ಇದೆಲ್ಲ ಗೊತ್ತಿದ್ದೂ, ಪಿಎಚ್.ಡಿ. ಮಾಡುತ್ತಿರುವವಳು, ಬಂಡೆಯ ಮೇಲೆ ಕೂತು ಸುಳ್ಳು ಹೇಳಿದೆ.

ಇಳಿಜಾರಿನಲ್ಲಿ ಊರು ಕಂಡಿತು. ಬೆಟ್ಟದ ಮಣ್ಣು, ಕಲ್ಲುಗಳಿಂದಲೇ ಕಟ್ಟಿದ ಮನೆಗಳು ಬೆಟ್ಟದ್ದೇ ಬಣ್ಣದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕೂತಿದ್ದವು. ಚಪ್ಪಟೆ ಮಾಡುಗಳ ಮೇಲೆ ಮೆಕ್ಕೆಜೋಳದ ತೆನೆ ಒಣಗಲು ಹಾಕಿದ್ದರು. ಕೆಳಗೆ ಅಂಗೈಯಗಲದ ಹೊಲಗಳು. ಮೇಲಿನ ತೊರೆಯಿಂದ ನೀರನ್ನು ತಿರುಗಿಸಿ ತರುವ ಕಾಲುವೆಗೆ ಅವರು ತರ್ಗಾ ಎನ್ನುತ್ತಾರೆ. ಯಾರ ಹೊಲಕ್ಕೆ ಯಾವಾಗ, ಎಷ್ಟು ಹೊತ್ತು ಎಂಬುದನ್ನು ಊರವರ ಸಭೆ ನಿಗದಿ ಮಾಡುತ್ತದೆ. ಗುಡ್ಡದಿಂದ ಅಡಿಕೆ ದಬ್ಬೆಯಲ್ಲಿ ಅಬ್ಬಿ ನೀರು ತಂದು, ಪಾಳಿಯ ಲೆಕ್ಕದಲ್ಲಿ ಜಗಳವಾಡಿದ ನಮ್ಮ ಕಡೆಯ ಹಿರಿಯರು ಇಲ್ಲಿಗೆ ಬಂದಿದ್ದರೆ ಅರ್ಧ ಗಂಟೆಯಲ್ಲಿ ಒಗ್ಗಿಹೋಗುತ್ತಿದ್ದರು.

ಊರ ಬಾಗಿಲಲ್ಲೇ ಒಂದು ಬಿದ್ದ ಮನೆಯಿತ್ತು. ಗೋಡೆ ಪೂರ್ತಿ ಕುಸಿದು ಮಣ್ಣುಗುಡ್ಡೆ. ಅದರ ನಡುವೆ ನೀಲಿ ಬಣ್ಣದ ಬಾಗಿಲು ಮಾತ್ರ ಚೌಕಟ್ಟಿನ ಸಮೇತ ನೆಟ್ಟಗೆ ನಿಂತಿತ್ತು, ಚಿಲಕ ಹಾಕಿತ್ತು. ಹಿಂದೆ ಬೆಟ್ಟ, ಸಂಜೆಯ ಬಿಸಿಲು. ಯೋಚಿಸಲಿಲ್ಲ, ಮೊಬೈಲು ತೆಗೆದು ನಾಲ್ಕು ಫೋಟೋ ಹೊಡೆದೆ. ಮಾರ್ಗದರ್ಶಿ ಏನೂ ಹೇಳಲಿಲ್ಲ. ಮುಂದೆ ಹೋಗಿ ನಿಂತು ಕಾದರು.

ಮನೆಯಲ್ಲಿ ಅವರ ಅಕ್ಕ, ಅಕ್ಕನ ಅತ್ತೆ, ಒಂಬತ್ತು ಹತ್ತು ವರ್ಷದ ಒಬ್ಬಳು ಹುಡುಗಿ. ಗಂಡಸರು ಅಕ್ರೋಟ ಬಡಿಯಲು ಹೋಗಿದ್ದರು. ಅಜ್ಜಿ ನನ್ನ ಕೈ ಹಿಡಿದು, ಚಾಪೆ ತಟ್ಟಿ, "ಇಲ್ಲಿ, ಇಲ್ಲಿ" ಎಂದರು. ನಾನು ಬೆಚ್ಚಿಬಿದ್ದೆ. ತೋರಿಸಿದ ಜಾಗದಲ್ಲೇ ಕೂತೆ. ನನ್ನ ಮುಖ ನೋಡಿ ಮಾರ್ಗದರ್ಶಿ, "ಏನು?" ಎಂದರು. ನಮ್ಮ ಭಾಷೆಯಲ್ಲಿ ಇದಕ್ಕೆ 'ಈ ಜಾಗದಲ್ಲಿ' ಎಂದು ಅರ್ಥ, ಎಂದೆ. ಅವರು ನಕ್ಕರು. "ನಮ್ಮಲ್ಲಿ ಇಲ್ಲಿ ಅಂದರೆ ನನ್ನ ಮಗಳೇ ಅಂತ."

ಚಹಾ ಬಂತು. ಚೀನಾದಿಂದ ಬರುವ ಹಸಿರು ಚಹಾ, ಕೈತುಂಬ ಪುದೀನ, ಗಟ್ಟಿ ಸಕ್ಕರೆಯ ತುಂಡುಗಳು. ಮೊದಲ ಲೋಟವನ್ನು ಮತ್ತೆ ಕೆಟಲಿಗೇ ಸುರಿದು, ಆಮೇಲೆ ಎತ್ತರದಿಂದ ನೊರೆ ಬರುವಂತೆ ಬಗ್ಗಿಸುತ್ತಾರೆ. ಜೊತೆಗೆ ಮಣ್ಣಿನ ಒಲೆಯ ಬಿಸಿ ರೊಟ್ಟಿ, ಅವರ ಮಾತಿನಲ್ಲಿ ಅಘ್ರೂಮ್. ಆ ವೇಳೆಗಾಗಲೇ ಹತ್ತು ದಿನದಿಂದ ನಾನು ಅನ್ನ ಕಂಡಿರಲಿಲ್ಲ. ಹೊನ್ನಾವರದಲ್ಲಿ ರೊಟ್ಟಿಗೆ ಹಂಬಲಿಸಿದ ಇಬ್ನ್ ಬತೂತನ ಮೇಲೆ ಮೊದಲ ಬಾರಿಗೆ ಕರುಣೆ ಬಂತು.

ಹುಡುಗಿ ತನ್ನ ಶಾಲೆಯ ಪುಸ್ತಕ ತಂದಳು. ಅವರ ಲಿಪಿಯ ಹೆಸರು ತಿಫಿನಾಗ್. ತಲೆತಲಾಂತರದಿಂದ ಮನೆಯಲ್ಲಿ ಆಡಿದ ಈ ಭಾಷೆಗೆ ಮೊರಾಕ್ಕೋದ ಶಾಲೆಯಲ್ಲಿ ಜಾಗ ಸಿಕ್ಕಿದ್ದು 2003ರಲ್ಲಿ. ಸಂವಿಧಾನದಲ್ಲಿ ಅರಬ್ಬಿಯ ಪಕ್ಕ ಅಧಿಕೃತ ಭಾಷೆಯ ಸ್ಥಾನ ಸಿಕ್ಕಿದ್ದು 2011ರಲ್ಲಿ. ಮಾರ್ಗದರ್ಶಿಗೆ ತನ್ನ ಭಾಷೆಯನ್ನು ಓದಲು ಬರುವುದಿಲ್ಲ, ಅಕ್ಕನ ಮಗಳಿಗೆ ಬರುತ್ತದೆ. ಅವಳು ಒಂದೊಂದೇ ಅಕ್ಷರ ಬರೆದು ಉಚ್ಚರಿಸಿದಳು. ಬರೀ ಸೊನ್ನೆ ಹಾಕಿದರೆ 'ರ'. ಸೊನ್ನೆಯೊಳಗೆ ಚುಕ್ಕೆ ಇಟ್ಟರೆ 'ಸ'. ನಾನು ಅದರ ಪಕ್ಕ ನಮ್ಮ 'ಠ' ಬರೆದೆ. ಸೊನ್ನೆ, ಚುಕ್ಕೆ, ಮೇಲೊಂದು ತಲೆಕಟ್ಟು. ಅವಳು ಪೆನ್ಸಿಲು ಕಿತ್ತುಕೊಂಡು ನನ್ನ ತಲೆಕಟ್ಟನ್ನು ಅಳಿಸಿ, ಈಗ ಸರಿಯಾಯಿತು ಎನ್ನುವಂತೆ ನೋಡಿದಳು.

ಹಾಗೆ ಸಲಿಗೆ ಬೆಳೆದು ನನ್ನ ಮೊಬೈಲು ಅವಳ ಕೈಗೆ ಹೋಯಿತು. ಹೊನ್ನಾವರದ ಸಮುದ್ರ ತೋರಿಸಿದೆ, ನಮ್ಮ ಮನೆಯ ತೋಟ ತೋರಿಸಿದೆ. ಅವಳು ಬೆರಳಾಡಿಸುತ್ತ ಇತ್ತಲಿನ ಚಿತ್ರಗಳಿಗೆ ಬಂದಳು. ಒಂದು ಕಡೆ ನಿಂತಳು. ಅಜ್ಜಿಯನ್ನು ಕರೆದು ತೋರಿಸಿದಳು. ನೀಲಿ ಬಾಗಿಲು.

ಅಜ್ಜಿ ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಏನೋ ಕೇಳಿದರು. ಮಾರ್ಗದರ್ಶಿ ಕೂಡಲೇ ಅನುವಾದಿಸಲಿಲ್ಲ. ನಾನು ಒತ್ತಾಯಿಸಿದ ಮೇಲೆ ಹೇಳಿದರು: "ಇದನ್ನು ಯಾಕೆ ತೆಗೆದೆ, ಅಂತ ಕೇಳ್ತಿದ್ದಾರೆ."

ಅದು ಅವರ ಮನೆ. 2023ರ ಸೆಪ್ಟೆಂಬರ್ 8, ಶುಕ್ರವಾರ, ರಾತ್ರಿ ಹನ್ನೊಂದು ಗಂಟೆ ಹನ್ನೊಂದು ನಿಮಿಷ. 6.8 ತೀವ್ರತೆಯ ಭೂಕಂಪ. ಈ ಬೆಟ್ಟದ ಸಾಲಿನಲ್ಲಿ 2,900ಕ್ಕೂ ಹೆಚ್ಚು ಜನ ಸತ್ತರು. ಚಳಿಗಾಲದಲ್ಲಿ ಬೆಚ್ಚಗೆ, ಬೇಸಿಗೆಯಲ್ಲಿ ತಂಪಾಗಿಡುವ ದಪ್ಪ ಮಣ್ಣಿನ ಮಾಡು, ಮಣ್ಣಿನ ಗೋಡೆ ಆ ರಾತ್ರಿ ಮಲಗಿದವರ ಮೇಲೆಯೇ ಬಂದಿತ್ತು. ಈ ಮನೆಯವರು ಹೇಗೋ ಹೊರಗೆ ಓಡಿ ಬಂದರು. ಹೇಸರಗತ್ತೆ ಕೊಟ್ಟಿಗೆಯಲ್ಲಿ ಸತ್ತಿತು. ಪಶ್ಚಿಮದ ಕಡೆಯ ಒಂದು ಹಳ್ಳಿಗೆ ಕೊಟ್ಟಿದ್ದ ಅಜ್ಜಿಯ ತಂಗಿ ಸತ್ತರೆಂಬ ಸುದ್ದಿ ಮೂರು ದಿನದ ಮೇಲೆ ಬಂತು. ರಸ್ತೆಯ ಮೇಲೆ ಬಂಡೆ ಉರುಳಿ ದಾರಿ ಮುಚ್ಚಿತ್ತು. ತಿಂಗಳುಗಟ್ಟಲೆ ಡೇರೆಯಲ್ಲಿದ್ದರು. ಪೂರ್ತಿ ಬಿದ್ದ ಮನೆಗೆ ಸರ್ಕಾರ 1,40,000 ದಿರ್ಹಾಮ್, ಭಾಗಶಃ ಬಿದ್ದದ್ದಕ್ಕೆ 80,000 ಎಂದು ಘೋಷಿಸಿತು. ಈಗ ನಾವು ಕೂತಿದ್ದದ್ದು ಅಜ್ಜಿಯ ಮೈದುನನ ಮನೆಯ ಒಂದು ಭಾಗ. ಸ್ವಂತ ಮನೆಯ ಸಿಮೆಂಟಿನ ಕಂಬಗಳು ಆಗಷ್ಟೇ ಎದ್ದಿದ್ದವು.

ಇಷ್ಟೆಲ್ಲ ಕೇಳಿ ತಿಳಿದದ್ದು ಆಮೇಲೆ. ಆ ಹೊತ್ತಿಗೆ ನನ್ನೆದುರು ಇದ್ದದ್ದು ಒಂದು ಪ್ರಶ್ನೆ ಮಾತ್ರ. ಯಾಕೆ ತೆಗೆದೆ? ಚೆನ್ನಾಗಿ ಕಂಡಿತು ಎನ್ನುವುದು ನಿಜವಾದ ಉತ್ತರ. ಅದನ್ನು ಅವರೆದುರು ಹೇಳಲು ನಾಲಿಗೆ ಏಳಲಿಲ್ಲ. ಅಳಿಸುತ್ತೇನೆ ಎಂದೆ. ಅಜ್ಜಿ ಬೇಡವೆಂದು ಕೈ ಆಡಿಸಿ, ಮೊಬೈಲು ನನ್ನ ಮಡಿಲಲ್ಲಿಟ್ಟು, ಒಲೆ ನೋಡಲು ಎದ್ದುಹೋದರು. ಅವರು ಬೈದಿದ್ದರೆ ಸುಲಭವಿತ್ತು.

ನಾನು ಅಷ್ಟು ವರ್ಷ ಒಬ್ಬ ಪ್ರವಾಸಿಯ ಪುಸ್ತಕ ಹಿಡಿದು ಕೇಳುತ್ತಿದ್ದ ಪ್ರಶ್ನೆ ಅದೇ ಆಗಿತ್ತು. ಯಾಕೆ ಬರೆದೆ? ಯಾರನ್ನು ಕೇಳಿ ಬರೆದೆ? ಅವನ ಮೇಲೆ ಒಂದು ಅಧ್ಯಾಯ ಬರೆದು, ಅವನ ನೋಟದಲ್ಲಿ ಏನೇನು ತಪ್ಪಿದೆ ಎಂದು ಪಟ್ಟಿ ಮಾಡಿ, ಮಾರ್ಗದರ್ಶಕರಿಂದ ಭೇಷ್ ಎನ್ನಿಸಿಕೊಂಡಿದ್ದೆ. ಅವನಾದರೂ ಹೊನ್ನಾವರದಲ್ಲಿ ತಿಂಗಳುಗಟ್ಟಲೆ ಇದ್ದ. ನಾನು ಊರಿಗೆ ಕಾಲಿಟ್ಟು ಐದು ನಿಮಿಷ ಆಗಿರಲಿಲ್ಲ.

ರಾತ್ರಿ ಊಟಕ್ಕೆ ಕೈ ತೊಳೆಯಲು ಹುಡುಗಿ ಬೋಗುಣಿ, ಕೆಟಲು ಹಿಡಿದು ಬಂದಳು. ನಾನು ಮಾಂಸ ತಿನ್ನುವುದಿಲ್ಲವೆಂದು ಗೊತ್ತಾಗಿ ಆಲೂಗಡ್ಡೆ, ಕ್ಯಾರೆಟ್, ಬಟಾಣಿಯ ತಾಜಿನ್ ಬೇರೆಯೇ ಮಾಡಿದ್ದರು. ಒಂದೇ ಪಾತ್ರೆ, ಸುತ್ತ ಕೂತು ಅವರವರ ಬದಿಯಿಂದ ರೊಟ್ಟಿಯಲ್ಲಿ ತೆಗೆದು ತಿನ್ನುವುದು. ಅಜ್ಜಿ ಚೆನ್ನಾಗಿ ಬೆಂದ ತುಂಡುಗಳನ್ನೆಲ್ಲ ಬೆರಳಿನಿಂದ ನನ್ನ ಬದಿಗೆ ನೂಕುತ್ತಿದ್ದರು. ಮೂರನೆಯ ಸಲ ನೂಕಿದಾಗ ನನಗೆ ತಡೆಯಲಾಗಲಿಲ್ಲ. ಮಾರ್ಗದರ್ಶಿಗೆ ಹೇಳಿದೆ: "ಬೆಳಿಗ್ಗೆ ನಾನು ಸುಳ್ಳು ಹೇಳಿದೆ. ನಮ್ಮ ಭಾಷೆಯಲ್ಲಿ ಆ ಪದ ಇದೆ."

"ಏನರ್ಥ?"

ಹೇಳಿದೆ. ಮೊದಲು ಅರ್ಥವಾಗದ ಮಾತಾಡುವವನು ಎಂದಿತ್ತು. ಈಗ ಕ್ರೂರಿ. ನಮ್ಮಲ್ಲಿ ಕೊಲೆಯ ಸುದ್ದಿ ಬರೆಯುವಾಗ ಬಳಸುತ್ತಾರೆ.

ಅವರು ಸುಮ್ಮನೆ ತಲೆಯಾಡಿಸಿದರು. ಏನಂತೆ, ಏನಂತೆ ಎಂದು ಹೆಂಗಸರು ಕೇಳತೊಡಗಿದರು. ಅವರು ಹೇಳಿದರು, ಎಷ್ಟು ಹೇಳಿದರೋ, ಎಷ್ಟು ತೇಲಿಸಿದರೋ ಗೊತ್ತಿಲ್ಲ. ಅಕ್ಕ ಮುಖ ಕೆಳಗೆ ಹಾಕಿದಳು. ಅಜ್ಜಿ ರೊಟ್ಟಿ ಮುರಿಯುತ್ತಿದ್ದವರು ನಿಲ್ಲಿಸಿ ಒಂದು ಪ್ರಶ್ನೆ ಕೇಳಿದರು. ಅರ್ಥವಾಗದ ಮಾತಾಡುವವನು ಅಂತಲಾ? ಹೌದು. ಅಜ್ಜಿ ನನ್ನತ್ತ ಬೆರಳು ತೋರಿಸಿ ಏನೋ ಅಂದರು. ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು, ಹುಡುಗಿ ಬಿದ್ದು ಬಿದ್ದು ನಕ್ಕಳು, ಮಾರ್ಗದರ್ಶಿ ನಗುತ್ತಲೇ ಅನುವಾದಿಸಿದರು:

"ಹಾಗಾದರೆ ಈ ರಾತ್ರಿ ಈ ಮನೆಯಲ್ಲಿ ಬರ್ಬರ್ ಇವಳೊಬ್ಬಳೇ."

ನಾನೂ ನಕ್ಕೆ. ನಗುತ್ತ ನಗುತ್ತ ಕಣ್ಣಿಗೆ ನೀರು ಬಂದದ್ದನ್ನು ಒಲೆಯ ಹೊಗೆಯ ತಲೆಗೆ ಕಟ್ಟಿದೆ. ಅಜ್ಜಿ ಇನ್ನೊಂದು ಆಲೂಗಡ್ಡೆ ನನ್ನ ಬದಿಗೆ ನೂಕಿದರು.

ಬೆಳಿಗ್ಗೆ ಅಂಗಳದಲ್ಲಿ ಅಕ್ರೋಟದ ರಾಶಿ. ನಾವು ಅಂಗಡಿಯಲ್ಲಿ ಕಾಣುವ ಗಟ್ಟಿ ಚಿಪ್ಪಿನ ಮೇಲೆ ಮರದಲ್ಲಿರುವಾಗ ಹಸಿರು ಸಿಪ್ಪೆ ಇರುತ್ತದೆ. ಉದ್ದ ಕೋಲಿನಿಂದ ಬಡಿದು ಉದುರಿಸಿ, ಆ ಸಿಪ್ಪೆ ತೆಗೆದು, ತೊಳೆದು, ಮಾಡಿನ ಮೇಲೆ ಒಣಗಿಸಬೇಕು. ಸಿಪ್ಪೆಯ ರಸ ತಾಗಿದ ಕೈ ಮೊದಲು ಹಳದಿ, ಆಮೇಲೆ ಕಂದು, ಸಂಜೆಗೆ ಕಪ್ಪು. ಅಜ್ಜಿಯ ಹತ್ತೂ ಬೆರಳು ಇದ್ದಿಲಿನ ಹಾಗಿದ್ದವು. ಹಸಿ ಅಡಿಕೆ ಸುಲಿಯುವ ಕಾಲದಲ್ಲಿ ನಮ್ಮ ಅಮ್ಮಮ್ಮನ ಕೈ ಹೀಗೇ ಇರುತ್ತದೆ. ಆ ಎರಡು ತಿಂಗಳು ಅವಳು ಮದುವೆಮನೆಯಲ್ಲಿ ಸೆರಗಿನೊಳಗೆ ಕೈ ಮುಚ್ಚಿಕೊಂಡು ಕೂರುತ್ತಾಳೆ. ನಾನು ರಾಶಿಯ ಪಕ್ಕ ಕೂತು ಸಿಪ್ಪೆ ತೆಗೆಯಲು ಶುರು ಮಾಡಿದೆ. ಕೈಗವಸು ಹಾಕಿಕೋ ಎಂದು ಅಕ್ಕ ಸನ್ನೆ ಮಾಡಿದಳು. ಬೇಡವೆಂದೆ. ಕತ್ತಿ ಹಿಡಿಯುವ ನನ್ನ ರೀತಿ ನೋಡಿ ಅಜ್ಜಿ, ಇವಳಿಗೆ ಕೆಲಸ ಗೊತ್ತಿದೆ ಎಂದರಂತೆ. ಎರಡು ಗಂಟೆ ಹಾಗೆ ಕೂತಿದ್ದೆವು. ಅನುವಾದ ಮಾಡುವವರು ಹೊಳೆಯ ಕಡೆ ಹೋಗಿದ್ದರು. ಅವರು ತಶೆಲ್‌ಹಿತ್‌ನಲ್ಲಿ ಹೇಳಿದರು, ನಾನು ಕನ್ನಡದಲ್ಲಿ ಹೇಳಿದೆ.

ಹೊರಡುವಾಗ ಅಕ್ಕನ ಕೈಗೆ ದುಡ್ಡು ಕೊಡಲು ಹೋದೆ. ಅವಳು ಕೈ ಹಿಂದೆ ಕಟ್ಟಿಕೊಂಡಳು. ನನಗೆ ಕೊಡುವುದರಲ್ಲಿ ಅವರ ಪಾಲೂ ಇದೆ, ಇಲ್ಲಿ ಕೊಡಬೇಡಿ ಎಂದು ಮಾರ್ಗದರ್ಶಿ ಪಿಸುಗುಟ್ಟಿದರು. ಅಜ್ಜಿ ಒಂದು ಚೀಲ ಅಕ್ರೋಟ ಕೊಟ್ಟರು. ತನ್‌ಮಿರ್ತ್ ಎಂದೆ, ಧನ್ಯವಾದಕ್ಕೆ ಅವರ ಪದ. ದಾರಿಯಲ್ಲಿ ನೀಲಿ ಬಾಗಿಲ ಮುಂದೆ ಮತ್ತೆ ಹಾದುಹೋಗಬೇಕಿತ್ತು. ಚಿಲಕ ಹಾಕಿಯೇ ಇತ್ತು. ಆ ರಾತ್ರಿ ಒಳಗಿನಿಂದ ಹಾಕಿದ್ದ ಚಿಲಕ ಅದು, ಇವರು ಹಿಂದಿನ ಗೋಡೆ ಬಿದ್ದ ಕಡೆಯಿಂದ ಹೊರಬಂದವರು ಎಂದು ಮಾರ್ಗದರ್ಶಿ ಹೇಳಿದರು. ನನ್ನ ಚಿತ್ರಗಳಲ್ಲಿ ಆ ಚಿಲಕ ಸ್ಪಷ್ಟವಾಗಿ ಕಾಣುತ್ತದೆ. ತೆಗೆಯುವಾಗ ಅದರ ಬಗ್ಗೆ ಒಂದು ಕ್ಷಣವೂ ಯೋಚಿಸಿರಲಿಲ್ಲ.

ಊರಿಗೆ ಬಂದಾಗಲೂ ಬೆರಳುಗಳ ಕಪ್ಪು ಪೂರ್ತಿ ಹೋಗಿರಲಿಲ್ಲ. ಜಗಲಿಯಲ್ಲಿ ಕೂತಿದ್ದ ಅಮ್ಮಮ್ಮ ಮೊದಲು ನೋಡಿದ್ದು ಅದನ್ನೇ. "ನಮ್ಮಲ್ಲಿ ಕೊನೆಕೊಯ್ಲೇ ಶುರುವಾಗಿಲ್ಲ, ನೀ ಎಲ್ಲಿ ಅಡಿಕೆ ಸುಲಿದು ಬಂದೆ?" ಅಕ್ರೋಟ ಒಡೆದು ಕೊಟ್ಟೆ, ಮೊಬೈಲು ತೆಗೆದು ತೋರಿಸಿದೆ. ಅರಮನೆ, ಸಂತೆ, ಬೆಟ್ಟಗಳೆಲ್ಲ ಸರಸರ ದಾಟಿಹೋದವು. ನೀಲಿ ಬಾಗಿಲು ಬಂದಾಗ ಅಮ್ಮಮ್ಮ ಕೈ ಹಿಡಿದು ನಿಲ್ಲಿಸಿದಳು.

"ಇದು ಯಾರ ಮನೆ?"

ಹೇಳತೊಡಗಿದೆ. ಅವಳು ಪಕ್ಕದ ಚಾಪೆ ತಟ್ಟಿದಳು. "ನಿಂತು ಹೇಳೋ ಕತೆ ಅಲ್ಲ ಇದು. ಇಲ್ಲಿ ಬಾ, ಇಲ್ಲಿ."